ಹೊನ್ನೆಮಕ್ಕಿ ಸಂಘದ ಮುಖ-ಬಿಲ್ ಹೊಂದಾಣಿಕೆ

2006ನೇ ಇಸವಿ ಜೂನ್ ಹದಿನಾಲ್ಕನೇ ತಾರೀಕು ಬುಧವಾರ, ಹೊನ್ನೆಮಕ್ಕಿ ಕಾಫಿ ಬೆಳೆಗಾರರ ಸಹಕಾರ ಸಂಘದ ಮಳಿಗೆಯಿಂದ ಒಂದು ಗುದ್ದಲಿ ಕಾವು ಕಾಣೆಯಾಯಿತು. ಬೀಟೆ ಮರದ್ದೇನೂ ಅಲ್ಲ, ಸಾಧಾರಣ ಕಾಡುಮರದ್ದು; ಬೆಲೆ ಮೂವತ್ತೆಂಟು ರೂಪಾಯಿ. ಆದರೆ ಸಂಘದ ನಲವತ್ತೊಂದು ವರ್ಷಗಳ ಇತಿಹಾಸದಲ್ಲಿ ಕಾಣೆಯಾಯಿತೆಂದು ಬರಹದಲ್ಲಿ ದಾಖಲಾದ ಮೊದಲ ವಸ್ತು ಅದು. ಅದಕ್ಕೂ ಮುಂಚೆ ಹೋದದ್ದೆಲ್ಲ 'ತೇವಕ್ಕೆ ಕರಗಿದ್ದು', 'ಇಲಿ ತಿಂದದ್ದು' ಎಂಬ ಎರಡು ಕಲಮುಗಳಲ್ಲಿ ಮರ್ಯಾದೆಯಿಂದ ಸೇರಿಹೋಗುತ್ತಿತ್ತು. ಗುದ್ದಲಿ ಕಾವು ಕರಗುವುದಿಲ್ಲ. ಇಲಿಯೂ ತಿನ್ನುವುದಿಲ್ಲ. ಆದ್ದರಿಂದ ಆಡಳಿತ ಮಂಡಳಿಯ ತುರ್ತು ಸಭೆ ಕರೆಯಬೇಕಾಯಿತು.

ಆಲ್ದೂರಿನಿಂದ ಒಳಗೆ ಒಂಬತ್ತು ಕಿಲೋಮೀಟರ್ ಹೋದರೆ ಸಿಗುವ ಹೊನ್ನೆಮಕ್ಕಿಯಲ್ಲಿ ಸಂಘವೆಂದರೆ ಒಂದು ಮಳಿಗೆ, ಅದರ ಹಿಂದೆ ಗೊಬ್ಬರದ ಗೋದಾಮು, ಪಕ್ಕದಲ್ಲಿ ಅಧ್ಯಕ್ಷರ ಕೋಣೆ. ಅಧ್ಯಕ್ಷರು ಓಂಕಾರಪ್ಪನವರು. ಎಪ್ಪತ್ತು ಎಕರೆ ರೊಬಸ್ಟಾ ಕಾಫಿ ತೋಟದ ಯಜಮಾನರು. ಅವರ ತಮ್ಮನಿಗೆ ಆಲ್ದೂರಿನಲ್ಲಿ ಗೊಬ್ಬರದ ಅಂಗಡಿ. ತುರ್ತು ಸಭೆಯಲ್ಲಿ ಓಂಕಾರಪ್ಪನವರು ಗದ್ಗದಿತರಾಗಿ ಮಾತನಾಡಿದರೆಂದು ನಡಾವಳಿ ಪುಸ್ತಕ ಹೇಳುತ್ತದೆ. 'ಇವತ್ತು ಕಾವು ಹೋಯಿತು, ನಾಳೆ ಗುದ್ದಲಿಯೇ ಹೋಗಬಹುದು' ಎಂಬ ಅವರ ಮಾತಿಗೆ ಒಂಬತ್ತು ಮಂದಿ ನಿರ್ದೇಶಕರೂ ಎದ್ದು ನಿಂತು ಸಮ್ಮತಿಸಿದರು. ಮೂರು ಲಕ್ಷ ಎಂಬತ್ತಾರು ಸಾವಿರ ರೂಪಾಯಿಯ ಕ್ಯಾಮೆರಾ ವ್ಯವಸ್ಥೆ ತರಿಸುವುದೆಂದು ತೀರ್ಮಾನವಾಯಿತು. ಆ ವೇಳೆಗೆ ಸಭೆಯ ಕೋಣೆ ಸೆಕೆಯಾಗಿದ್ದರಿಂದ ಕಿಟಕಿ ತೆರೆದು, ಅದು ಮುಚ್ಚಿಕೊಳ್ಳದಂತೆ ಒಂದು ಹೊಸ ಗುದ್ದಲಿ ಕಾವನ್ನು ಒತ್ತುಕೊಟ್ಟಿದ್ದರು. ಅದು ಬೇರೆ ವಿಷಯ, ಕಾರ್ಯಸೂಚಿಯಲ್ಲಿ ಇರಲಿಲ್ಲ.

ವ್ಯವಸ್ಥೆಯನ್ನು ಕೂರಿಸಲು ಚಿಕ್ಕಮಗಳೂರಿನಿಂದ ಅಭಿರಾಮ ಎಂಬ ಇಂಜಿನಿಯರ್ ಬಂದ. ಅವನು ಮಳಿಗೆಯ ಬಿಲ್ ಕೌಂಟರಿನ ಮುಂದೆ ಛತ್ರಿ ಜಾಡಿಸುತ್ತ ವಿವರಿಸಿದ.

"ಬರೀ ಕ್ಯಾಮೆರಾ ಇದ್ರೆ ಪ್ರಯೋಜನ ಇಲ್ಲ ಸಾರ್. ಯಾರು ಬಂದ್ರು ಅಂತ ಗೊತ್ತಾಗುತ್ತೆ, ಎಂತ ತಗೊಂಡ್ರು ಅಂತ ಗೊತ್ತಾಗಲ್ಲ. ಬರೀ ಬಿಲ್ ಇದ್ರೆ ಎಂತ ಹೋಯ್ತು ಅಂತ ಗೊತ್ತಾಗುತ್ತೆ, ಯಾರು ತಗೊಂಡ್ರು ಅಂತ ಗೊತ್ತಾಗಲ್ಲ. ನಮ್ಮದು ಎರಡನ್ನೂ ಜೋಡಿಸುತ್ತೆ. ಕಂಪ್ಯೂಟರಿನಲ್ಲಿ ಬಿಲ್ ಆದ ಕ್ಷಣಕ್ಕೆ ಕೌಂಟರಿನ ಮುಂದೆ ಯಾವ ಮುಖ ಇದೆಯೋ ಅದರ ಫೋಟೋ ಬಿಲ್ಲಿನ ಪಕ್ಕಕ್ಕೆ ಬಂದು ಕೂತ್ಕೊಳುತ್ತೆ. ಬಿಲ್ ಇಲ್ಲದ ಮುಖ ಕಳ್ಳನದ್ದು. ಮುಖ ಇಲ್ಲದ ಬಿಲ್ ಕಳ್ಳ ಬಿಲ್."

"ಎಷ್ಟು ಸಲೀಸು ಮಾರಾಯ!" ಎಂದರು ಓಂಕಾರಪ್ಪನವರು. "ಇಷ್ಟು ವರ್ಷ ನಾವು ಸುಮ್ನೆ ಮನುಷ್ಯರನ್ನ ನಂಬ್ಕೊಂಡು ಕೂತಿದ್ವಲ್ಲ."

"ಹಿಂದಿನ ಬಾಗಿಲಿಗೂ ಒಂದು ಹಾಕ್ಲಾ ಸಾರ್? ಲಾರಿ ಲೋಡಾಗೋದು ಅಲ್ಲೇ ಅಲ್ವಾ?"

ಕಾರ್ಯದರ್ಶಿ ರಂಗನಾಥ ಅವರು ಕೆಮ್ಮಿದರು. ಹಿಂದಿನ ಬಾಗಿಲಿನಿಂದ ಸದಸ್ಯರು ಓಡಾಡುವುದು ಬೈಲಾದ ಪ್ರಕಾರ ನಿಷಿದ್ಧವೆಂದೂ, ಯಾರೂ ಓಡಾಡದ ಕಡೆ ವಂಚನೆ ನಡೆಯಲು ಸಾಧ್ಯವಿಲ್ಲವೆಂದೂ ತಿಳಿಸಿದರು. ಉಳಿದ ಕ್ಯಾಮೆರಾವನ್ನು ಅಧ್ಯಕ್ಷರ ಕೋಣೆಯಲ್ಲಿ, ಅವರ ಕುರ್ಚಿ ಚೆನ್ನಾಗಿ ಕಾಣುವಂತೆ ಹಾಕಲಾಯಿತು.

ಇಷ್ಟೂ ಹೊತ್ತು ಕೌಂಟರಿನ ಒಳಗೆ ಕೂತು ಕೇಳುತ್ತಿದ್ದವಳು ಬಿಲ್ ಬರೆಯುವ ಕಾತ್ಯಾಯಿನಿ. ಜಾವಳಿ ಕಡೆಯ ಮೇಷ್ಟ್ರ ಮಗಳು, ಈ ಊರಿಗೆ ಮದುವೆಯಾಗಿ ಬಂದವಳು. ಸಂಘದಲ್ಲಿ ಹನ್ನೊಂದು ವರ್ಷದಿಂದ ಹಂಗಾಮಿ. ಹಂಗಾಮಿ ನೌಕರರನ್ನು ಒಂದೇ ಸಮನೆ ತೊಂಬತ್ತು ದಿನ ಇಟ್ಟುಕೊಳ್ಳಬಾರದೆಂಬ ನಿಯಮವಿದ್ದುದರಿಂದ ಅವಳಿಗೆ ಎಂಬತ್ತೊಂಬತ್ತು ದಿನದ ಆದೇಶ ಕೊಡುತ್ತಿದ್ದರು. ತೊಂಬತ್ತನೇ ದಿನ ಅವಳು ನೌಕರಳಲ್ಲ. ಆ ದಿನವೂ ಬಂದು ಅದೇ ಕುರ್ಚಿಯಲ್ಲಿ ಕೂತು ಅದೇ ಕೆಲಸ ಮಾಡುತ್ತಿದ್ದಳು. ಹಾಜರಿ ಪುಸ್ತಕದಲ್ಲಿ ಮಾತ್ರ 'ಸಾರ್ವಜನಿಕರು ಒಬ್ಬರು ಬಂದಿದ್ದರು' ಎಂದಿರುತ್ತಿತ್ತು. ಖಾಯಂ ಮಾಡಿಕೊಡಿ ಎಂದು ಅವಳು ಕೊಟ್ಟ ಅರ್ಜಿಗಳಿಗೆ ಪ್ರತ್ಯೇಕ ಫೈಲು ಇತ್ತು. ಫೈಲು ಖಾಯಂ ಆಗಿತ್ತು. ನಲವತ್ತೈದು ವರ್ಷ ತುಂಬಿದವರನ್ನು ಖಾಯಂ ಮಾಡುವಂತಿಲ್ಲ. ಕಾತ್ಯಾಯಿನಿಗೆ ಆ ವರ್ಷದ ನವೆಂಬರ್ ಮೂವತ್ತಕ್ಕೆ ನಲವತ್ತೈದು ತುಂಬುತ್ತಿತ್ತು.

ಅಭಿರಾಮ ಹೋದ ಮೇಲೆ ರಂಗನಾಥ ಅವರು ಅವಳನ್ನು ಕರೆದರು.

"ಫೋಟೋದ ಕೆಳಗೆ ಇಂಥವರು ಅಂತ ಹೆಸರು ಬರಿಯೋದು, ತಿಂಗಳ ಕೊನೆಗೆ ಹೊಂದಾಣಿಕೆ ವರದಿ ಮಾಡೋದು, ಎರಡೂ ನಿಮ್ಮ ಕೆಲಸ. ಊರಿನ ಎಲ್ಲಾ ಮುಖಾನೂ ನಿಮಗೆ ಗೊತ್ತು."

"ನನ್ನ ಫೈಲು ಸಾರ್?"

"ವರದಿ ಚೆನ್ನಾಗಿ ಬರಲಿ. ಫೈಲನ್ನ ನಾನೇ ಎತ್ತಿ ಅಧ್ಯಕ್ಷರ ಮೇಜಿನ ಮೇಲಿಡ್ತೀನಿ."

ಹನ್ನೊಂದು ವರ್ಷದಲ್ಲಿ ಆ ಫೈಲನ್ನು ಎತ್ತುವ ಮಾತನ್ನು ಯಾರಾದರೂ ಆಡಿದ್ದು ಇದೇ ಮೊದಲು. ಕಾತ್ಯಾಯಿನಿ ಮನೆಗೆ ಹೋಗುವಾಗ ಅರ್ಧ ಕೆಜಿ ಸಕ್ಕರೆ ಹೆಚ್ಚಿಗೆ ಕೊಂಡಳು.

ಮಳೆಗಾಲದಲ್ಲಿ ಹೊನ್ನೆಮಕ್ಕಿಯ ಕರೆಂಟಿಗೆ ತನ್ನದೇ ಆದ ಒಂದು ಶಿಸ್ತಿದೆ ಎಂಬುದನ್ನು ಇಲ್ಲಿ ಹೇಳಬೇಕು. ಬೆಳಿಗ್ಗೆ ಒಂಬತ್ತಕ್ಕೆ ಎಲ್ಲೋ ಒಂದು ಸಿಲ್ವರ್ ಮರದ ಕೊಂಬೆ ತಂತಿಯ ಮೇಲೆ ಬೀಳುತ್ತದೆ. ಲೈನ್‌ಮ್ಯಾನ್ ಹುಡುಕುತ್ತ ಹೋಗುತ್ತಾನೆ. ಸಂಜೆ ನಾಲ್ಕು ಇಪ್ಪತ್ತಕ್ಕೆ ಕರೆಂಟು ಬರುತ್ತದೆ. ಈ ನಡುವೆ ಎಸ್ಟೇಟುಗಳ ಲೆಕ್ಕ ನೋಡಿಕೊಳ್ಳುವ ರೈಟರುಗಳೂ ಸಣ್ಣ ಬೆಳೆಗಾರರೂ ಬಂದು ಗೊಬ್ಬರ, ಸುಣ್ಣ, ಮೈಲುತುತ್ತ ತೆಗೆದುಕೊಂಡು ಹೋಗುತ್ತಾರೆ. ಕಂಪ್ಯೂಟರ್ ಸತ್ತು ಮಲಗಿರುವುದರಿಂದ ಕಾತ್ಯಾಯಿನಿ ಎಲ್ಲವನ್ನೂ ಒಂದು ಉದ್ದನೆಯ ನೋಟ್ ಪುಸ್ತಕದಲ್ಲಿ ಬರೆದಿಡುತ್ತಾಳೆ. ನಾಲ್ಕು ಇಪ್ಪತ್ತಕ್ಕೆ ಕರೆಂಟು ಬಂದ ಕೂಡಲೆ ಆ ದಿನದ ಬಿಲ್ಲುಗಳನ್ನೆಲ್ಲ ಒಂದರ ಹಿಂದೊಂದು ಕಂಪ್ಯೂಟರಿಗೆ ಉಣಿಸುತ್ತಾಳೆ. ಕಂಪ್ಯೂಟರ್ ಬಂದ ದಿನದಿಂದಲೂ ಹೀಗೇ ನಡೆದಿದೆ. ಯಾರಿಗೂ ತೊಂದರೆ ಇರಲಿಲ್ಲ.

ಕ್ಯಾಮೆರಾಗಳಿಗೆ ಇನ್ವರ್ಟರ್ ಇತ್ತು. ಕಂಪ್ಯೂಟರಿಗೆ ಇರಲಿಲ್ಲ.

ಮೊದಲನೇ ವಾರವೇ ಕಾತ್ಯಾಯಿನಿ ಇದನ್ನು ರಂಗನಾಥ ಅವರ ಗಮನಕ್ಕೆ ತಂದಳು. "ಇನ್ವರ್ಟರಿನಿಂದ ಕಂಪ್ಯೂಟರಿಗೆ ಒಂದು ವೈರ್ ಎಳೆದ್ರೆ ಆಯ್ತು ಸಾರ್. ಆರು ಅಡಿ ಅಷ್ಟೆ."

ರಂಗನಾಥ ಅವರು ಮಂಜೂರಾತಿ ಪತ್ರ ತೆಗೆದು ಓದಿದರು. ಇನ್ವರ್ಟರ್ ಮಂಜೂರಾಗಿದ್ದು ಭದ್ರತೆಗೆ. ಬಿಲ್ ಹಾಕುವುದು ವ್ಯವಹಾರ. ಭದ್ರತೆಯ ಕರೆಂಟನ್ನು ವ್ಯವಹಾರಕ್ಕೆ ಬಳಸಿದರೆ ಅದು ದುರುಪಯೋಗವಾಗುತ್ತದೆ, ಮತ್ತು ಆ ದುರುಪಯೋಗ ಕ್ಯಾಮೆರಾದಲ್ಲಿ ದಾಖಲಾಗುತ್ತದೆ.

"ಸುಮ್ನೆ ಯಾಕೆ?" ಎಂದರು.

ಹೀಗಾಗಿ ಜುಲೈ ತಿಂಗಳಿಡೀ ವ್ಯವಸ್ಥೆ ತನ್ನ ಪಾಡಿಗೆ ತಾನು ಕೆಲಸ ಮಾಡಿತು. ದಿನಾ ಸಂಜೆ ನಾಲ್ಕು ಇಪ್ಪತ್ತಕ್ಕೆ ಮಳಿಗೆಯಲ್ಲಿ ಗಿರಾಕಿಗಳು ಇರುತ್ತಿರಲಿಲ್ಲ. ಇರುತ್ತಿದ್ದವಳು ಕಸ ಗುಡಿಸುವ ದ್ಯಾವಮ್ಮ ಒಬ್ಬಳೇ. ಅವಳು ಹದಿನೇಳು ವರ್ಷದಿಂದ ಸಂಘದ ಖಾಯಂ ನೌಕರಳು. ಅವಳನ್ನು ಕೆಲಸಕ್ಕೆ ತೆಗೆದುಕೊಂಡ ಕಾಲದಲ್ಲಿ ಹಂಗಾಮಿ ಎನ್ನುವ ಪದ ಸಂಘದಲ್ಲಿ ಬಳಕೆಗೆ ಬಂದಿರಲಿಲ್ಲ. ಜನ ತುಳಿದು ಹೋದ ಕೆಸರನ್ನು ಗುಡಿಸಿ, ಕೌಂಟರಿಗೆ ಮೊಣಕೈ ಊರಿ, ಸ್ಟೀಲ್ ಲೋಟದಲ್ಲಿ ಬೆಲ್ಲದ ಕಾಫಿ ಕುಡಿಯುತ್ತ ಕಾತ್ಯಾಯಿನಿಯೊಂದಿಗೆ ಊರಿನ ವರ್ತಮಾನ ಮಾತಾಡುವುದು ಅವಳ ದಿನಚರಿ. ಕ್ಯಾಮೆರಾ ಅವಳ ಮುಖಕ್ಕೆ ನೇರವಾಗಿತ್ತು.

ಆಗಸ್ಟ್ ಮೊದಲ ವಾರ ಕಾತ್ಯಾಯಿನಿ ಫೋಟೋಗಳನ್ನು ತೆಗೆಸಿ ಹೆಸರು ಬರೆಯಲು ಕೂತಳು. ಬಿಲ್ ಸಂಖ್ಯೆ ಒಂದು, ಯೂರಿಯಾ ಎಂಟು ಮೂಟೆ: ದ್ಯಾವಮ್ಮ. ಬಿಲ್ ಸಂಖ್ಯೆ ಎರಡು, ಮೈಲುತುತ್ತ ಐವತ್ತು ಕೆಜಿ: ದ್ಯಾವಮ್ಮ, ಆಕಳಿಸುತ್ತ. ಬಿಲ್ ಸಂಖ್ಯೆ ಮೂರು, ಕಸಿ ಕತ್ತರಿ ಹನ್ನೆರಡು: ದ್ಯಾವಮ್ಮ, ಲೋಟ ಎತ್ತಿ. ಒಟ್ಟು ಆರುನೂರ ಹನ್ನೆರಡು ಬಿಲ್ಲುಗಳಲ್ಲಿ ಐನೂರ ಎಂಬತ್ತಮೂರರ ಪಕ್ಕದಲ್ಲಿ ದ್ಯಾವಮ್ಮ ಇದ್ದಳು. ಹದಿನೇಳರಲ್ಲಿ ಯಾರೂ ಇರಲಿಲ್ಲ. ಒಂಬತ್ತರಲ್ಲಿ ಒಂದು ಬಿಚ್ಚಿದ ಕೊಡೆ ಇತ್ತು. ಮೂರರಲ್ಲಿ ಬಸ್‌ಸ್ಟ್ಯಾಂಡಿನ ಕಂದು ನಾಯಿ ಬಾಗಿಲಲ್ಲಿ ಮೈ ಕೊಡವುತ್ತಿತ್ತು.

ಇನ್ನೊಂದು ಕಡೆ, ಬೆಳಗಿನಿಂದ ಸಂಜೆಯವರೆಗೆ ಬಿಲ್ ಇಲ್ಲದೆ ಮೂಟೆ ಹೊತ್ತು ಹೊರಟವರ ಫೋಟೋಗಳಿದ್ದವು. ನಾನೂರ ಎಪ್ಪತ್ತೆರಡು. ಅದರಲ್ಲಿ ಊರಿಗೆ ಊರೇ ಇತ್ತು. ಒಂಬತ್ತು ನಿರ್ದೇಶಕರ ರೈಟರುಗಳೂ ಇದ್ದರು. ಹಲ್ಲು ಬಿಟ್ಟು ನಗುತ್ತ ಕ್ಯಾಮೆರಾಕ್ಕೆ ಕೈ ಬೀಸಿದವರೂ ಇದ್ದರು.

ಕಾತ್ಯಾಯಿನಿಗೆ ಲೆಕ್ಕ ಬರುತ್ತಿತ್ತು. ಬಿಲ್ಲುಗಳು ಆರುನೂರ ಹನ್ನೆರಡು, ಸಾಮಾನು ಹೊತ್ತವರು ನಾನೂರ ಎಪ್ಪತ್ತೆರಡು. ಉಳಿದ ನೂರ ನಲವತ್ತನ್ನು ಯಾರೂ ಹೊತ್ತುಕೊಂಡು ಹೋಗಿಲ್ಲ. ಆ ನೂರ ನಲವತ್ತು ಯಾವುವೆಂದು ಹುಡುಕುವ ಅಗತ್ಯ ಅವಳಿಗಿರಲಿಲ್ಲ. ಅವು ರಂಗನಾಥ ಅವರು ವಾರಕ್ಕೊಮ್ಮೆ ಹಳದಿ ಚೀಟಿಯಲ್ಲಿ ಬರೆದು ಕೊಡುತ್ತಿದ್ದ ಬಿಲ್ಲುಗಳು. ರಿಯಾಯಿತಿ ದರದ ಪೊಟ್ಯಾಷ್, ಸದಸ್ಯರೊಬ್ಬರಿಗೆ ತಿಂಗಳಿಗೆ ಒಂದು ಮೂಟೆ. ಸದಸ್ಯ ಸಂಖ್ಯೆ ಮುನ್ನೂರ ಹದಿನೇಳು, ಮುನ್ನೂರ ಇಪ್ಪತ್ತೆರಡು, ಹೀಗೆ. ಮುನ್ನೂರ ಹದಿನೇಳು ಎಂದರೆ ಸೇತುವೆ ಪಕ್ಕದ ಮುತ್ತಮ್ಮ. ಆಕೆ ತೀರಿಕೊಂಡು ಎಂಟು ವರ್ಷವಾಗಿತ್ತು. ತಿಥಿಯ ಊಟಕ್ಕೆ ಕಾತ್ಯಾಯಿನಿಯೂ ಹೋಗಿದ್ದಳು. ಆದರೂ ಮುತ್ತಮ್ಮನ ಪೊಟ್ಯಾಷನ್ನು ಪ್ರತಿ ತಿಂಗಳೂ ತಾನೇ ಕಂಪ್ಯೂಟರಿಗೆ ಹಾಕುತ್ತಿದ್ದಳು. ಚೀಟಿ ಕಾರ್ಯದರ್ಶಿಯದ್ದು, ಬೆರಳು ಮಾತ್ರ ತನ್ನದು ಎಂದು ಅವಳ ಸಮಾಧಾನ. ಆ ಮೂಟೆಗಳು ಹಿಂದಿನ ಬಾಗಿಲಿನಿಂದ ಲಾರಿ ಹತ್ತಿ ಆಲ್ದೂರಿನ ಕಡೆ ಹೋಗುವುದನ್ನು ಅವಳು ನೋಡಿರಲಿಲ್ಲ. ಕೇಳಿಸಿಕೊಂಡಿದ್ದಳು.

ಈಗ ಮೊದಲ ಬಾರಿಗೆ ಅದು ಕಾಗದದ ಮೇಲೆ ಬಂದಿತ್ತು. ಅಭಿರಾಮನ ಯಂತ್ರ ಹೇಳಿದ ಮಾತು ಉಳಿಸಿಕೊಂಡಿತ್ತು: ಮೋಸ ಎಲ್ಲಿದೆಯೋ ಅಲ್ಲಿಗೆ ಬೆರಳು ತೋರಿಸಿತ್ತು. ಕಾತ್ಯಾಯಿನಿ ಎರಡು ದಿನ ಯೋಚಿಸಿ ವರದಿಯ ಕೊನೆಗೆ ಅರ್ಧ ಪುಟದ ಒಂದು ಷರಾ ಬರೆದಳು. ಕರೆಂಟಿನ ವಿಷಯ, ಉದ್ದ ಪುಸ್ತಕದ ವಿಷಯ ಬರೆದು, ಕೊನೆಯ ಸಾಲಿನಲ್ಲಿ 'ಹೊತ್ತವರಿಲ್ಲದ ನೂರ ನಲವತ್ತು ಬಿಲ್ಲುಗಳನ್ನು ಪರಿಶೀಲಿಸಬಹುದು' ಎಂದು ಸೇರಿಸಿದಳು. 'ಬೇಕು' ಎಂದು ಬರೆದಿದ್ದನ್ನು ಹೊಡೆದು 'ಬಹುದು' ಮಾಡಿದಳು.

ಆಗಸ್ಟ್ ಹನ್ನೆರಡರಂದು ವಿಶೇಷ ಸಭೆ ಸೇರಿತು. ವಿವರಣೆ ಕೊಡಲು ಕಾತ್ಯಾಯಿನಿಯನ್ನು ಬಾಗಿಲ ಹತ್ತಿರ ನಿಲ್ಲಿಸಿದ್ದರು. ರಂಗನಾಥ ಅವರು ವರದಿ ಓದಿ ಮುಗಿಸಿದಾಗ ನಿರ್ದೇಶಕರು ಕೈಯಲ್ಲಿದ್ದ ಬಿಸ್ಕತ್ತುಗಳನ್ನು ತಟ್ಟೆಗೆ ವಾಪಸ್ಸು ಇಟ್ಟರು.

"ಅಂದ್ರೆ," ಎಂದರು ಓಂಕಾರಪ್ಪನವರು, "ನಮ್ಮ ಸಂಘದಲ್ಲಿ ನಾನೂರ ಎಪ್ಪತ್ತೆರಡು ಕಳ್ಳರಿದ್ದಾರೆ."

"ಹಾಗಲ್ಲ ಯಜಮಾನ್ರೇ," ಎಂದಳು ಕಾತ್ಯಾಯಿನಿ. "ಕರೆಂಟು ಇರಲಿಲ್ಲ. ಬೆಳಿಗ್ಗೆ ಸಾಮಾನು ಕೊಟ್ಟು ಸಂಜೆ ಬಿಲ್ ಹಾಕಿದ್ದು. ಎಲ್ಲಾ ಈ ಪುಸ್ತಕದಲ್ಲಿ ಬರೆದಿದೀನಿ."

"ಕರೆಂಟಿನ ವಿಷಯ ಕಾರ್ಯಸೂಚಿಯಲ್ಲಿ ಇದೆಯಾ ರಂಗನಾಥ?"

"ಇಲ್ಲ."

"ಆ ಪುಸ್ತಕ ಅಧಿಕೃತವಾ?"

"ಇಲ್ಲ. ಕಂಪ್ಯೂಟರ್ ಬಂದಾಗ ಕೈಬರಹದ ಪುಸ್ತಕಗಳನ್ನೆಲ್ಲ ರದ್ದು ಮಾಡಿದೀವಿ. ಇದು ಇರೋದೇ ನಿಯಮಬಾಹಿರ."

ಕಾತ್ಯಾಯಿನಿ ಪುಸ್ತಕವನ್ನು ಸೆರಗಿನ ಕೆಳಗೆ ಸರಿಸಿದಳು.

"ನೋಡಿ," ಓಂಕಾರಪ್ಪನವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಾಲ್ಕು ಲಕ್ಷದ ಯಂತ್ರ ಹೇಳಿದ್ದು ಸುಳ್ಳು ಅಂದ್ರೆ, ಯಂತ್ರ ತಂದ ನಾವು ಕಳ್ಳರು. ನಿಜ ಅಂದ್ರೆ ಊರೆಲ್ಲ ಕಳ್ಳರು, ಅದರಲ್ಲೂ ನಾವಿದ್ದೀವಿ. ನಿನ್ನ ರೈಟರ್ ಎರಡು ಸಲ ಬಂದಿದಾನೆ ಕಲ್ಲೇಶಾ, ಸುಣ್ಣ ಹೊತ್ಕೊಂಡು ಓಡ್ತಾ ಇದಾನೆ."

"ಮಳೆ ಬರ್ತಿತ್ತು, ಅದಕ್ಕೆ ಓಡಿದ್ದು," ಎಂದರು ನಿರ್ದೇಶಕ ಕಲ್ಲೇಶ್.

"ಕ್ಯಾಮೆರಾದಲ್ಲಿ ಮಳೆ ಕಾಣಲ್ಲ ಮಾರಾಯ, ಓಡೋದು ಕಾಣುತ್ತೆ. ಇರಲಿ. ಆದ್ರೆ ವರದಿಗೆ ಇನ್ನೊಂದು ಭಾಗ ಇದೆಯಲ್ಲ? ಮೊದಲನೇ ಭಾಗ ನಂಬಿದ್ರೆ ನಮಗೆ ನಾನೂರು ಚಿಲ್ಲರೆ ಕಳ್ಳರು. ಎರಡನೇ ಭಾಗ ನಂಬಿದ್ರೆ ಒಬ್ಬಳು ಬಹಳ ಒಳ್ಳೇ ಗಿರಾಕಿ. ಸಂಘಕ್ಕೆ ಯಾವುದು ಶ್ರೇಯಸ್ಸು?"

ರಂಗನಾಥ ಅವರು ನಿಧಾನವಾಗಿ ವರದಿಯ ಹಾಳೆ ತಿರುವಿದರು. "ಇನ್ನೊಂದು ವಿಷಯ ಸಾರ್. ಆ ನೂರ ನಲವತ್ತು ಬಿಲ್ಲುಗಳ ಪಕ್ಕದಲ್ಲೂ ದ್ಯಾವಮ್ಮನೇ ಇದಾಳೆ."

ಸಭೆ ಹಗುರವಾಯಿತು. ಎಷ್ಟೋ ವರ್ಷಗಳಿಂದ ದಿಕ್ಕಿಲ್ಲದೆ ಓಡಾಡಿಕೊಂಡಿದ್ದ ನೂರ ನಲವತ್ತು ಮೂಟೆ ಪೊಟ್ಯಾಷಿಗೆ ಒಂದು ಮುಖ ಸಿಕ್ಕಿತ್ತು. ಒಬ್ಬ ನಿರ್ದೇಶಕರು ಬಿಸ್ಕತ್ತಿನ ತಟ್ಟೆಯನ್ನು ಪಕ್ಕದವರ ಕಡೆ ತಳ್ಳಿದರು.

'ಮುಖ-ಬಿಲ್ ಹೊಂದಾಣಿಕೆಯಲ್ಲಿ ಶೇಕಡ ತೊಂಬತ್ತೈದು ಬಿಲ್ಲುಗಳಿಗೆ ನಿಜವಾದ ಗ್ರಾಹಕರು ಪತ್ತೆಯಾಗಿದ್ದು, ಸಂಘವು ವಂಚನೆಮುಕ್ತವೆಂದು ಸಾಬೀತಾಗಿರುತ್ತದೆ. ಮೂಟೆ ಹೊತ್ತವರು ಶ್ರೀಮತಿ ದ್ಯಾವಮ್ಮನ ಪರವಾಗಿ ಸಾಗಾಟ ಮಾಡಿದ ಸ್ವಯಂಸೇವಕರೆಂದು ಪರಿಗಣಿಸತಕ್ಕದ್ದು. ಕೊಡೆ ಮತ್ತು ನಾಯಿಗೆ ಸಂಬಂಧಿಸಿದ ಹನ್ನೆರಡು ಬಿಲ್ಲುಗಳ ಬಗ್ಗೆ ಉಪಸಮಿತಿ ರಚಿಸತಕ್ಕದ್ದು.' ನಿರ್ಣಯ ಅವಿರೋಧವಾಗಿ ಅಂಗೀಕಾರವಾಯಿತು. ಷರಾ ಬರೆದ ಅರ್ಧ ಪುಟವನ್ನು ಕಾಗದದ ಉಳಿತಾಯದ ದೃಷ್ಟಿಯಿಂದ ನಕಲು ತೆಗೆಯದಿರಲು ತೀರ್ಮಾನಿಸಲಾಯಿತು.

ಸೆಪ್ಟೆಂಬರಿನಲ್ಲಿ ಲೆಕ್ಕ ಪರಿಶೋಧಕರಾದ ಗುರುವಯ್ಯನವರು ಬಂದರು. ನಿಷ್ಠುರವಾದಿ ಎಂದು ಹೆಸರಾದವರು. ಸಂಘದ ಬಿಸ್ಕತ್ತು ಮುಟ್ಟುತ್ತಿರಲಿಲ್ಲ. ಕಾತ್ಯಾಯಿನಿಗೆ ಆಸೆ ಹುಟ್ಟಿತು. ರಂಗನಾಥ ಅವರು ಊಟಕ್ಕೆ ಎದ್ದ ಹೊತ್ತು ನೋಡಿ ಉದ್ದ ಪುಸ್ತಕವನ್ನು ಅವರ ಮುಂದಿಟ್ಟಳು.

"ಇದನ್ನ ಒಂದು ಸಲ ನೋಡಿ ಸಾರ್. ದಿನಾ ಬೆಳಿಗ್ಗೆಯಿಂದ ಯಾರ್ಯಾರು ಎಂತೆಂತ ತಗೊಂಡ್ರು ಅಂತ ಇದೆ. ಇದರಲ್ಲಿ ಇಲ್ಲದ ನೂರ ನಲವತ್ತು, ಕಂಪ್ಯೂಟರಿನಲ್ಲಿ ಇವೆ."

ಗುರುವಯ್ಯನವರು ಹಾಳೆ ತಿರುವಿದರು. "ಅಕ್ಷರ ಮುತ್ತಿನ ಹಾಗಿದೆ ಕಣಮ್ಮ. ಯಾರು ಕಲಿಸಿದ್ದು?"

"ನಮ್ಮ ತಂದೆಯವ್ರು."

"ಭೇಷ್. ಆದ್ರೆ ನನಗೆ ಬಂದಿರೋ ಆದೇಶ ಏನು? ಬಿಲ್ಲಿಗೆ ಮುಖ ಇದೆಯಾ ನೋಡು ಅಂತ. ಇದೆ. ಮುಖಕ್ಕೆ ಹೆಸರು ಇದೆಯಾ? ಇದೆ. ಹೆಸರು ಯಾರ ಕೈಬರಹ?"

"ನನ್ನದೇ ಸಾರ್."

"ಐನೂರ ಎಂಬತ್ತಮೂರು ಸಲ ನೀವೇ ದ್ಯಾವಮ್ಮ ಅಂತ ಬರೆದು, ಈಗ ಅಲ್ಲ ಅಂದ್ರೆ ಹೇಗೆ? ಯಾವ ಬರಹ ನಿಮ್ಮದು, ಯಾವುದು ಅಲ್ಲ, ನಾನು ಏನಂತ ತಿಳ್ಕೊಳ್ಳಲಿ?"

ಕಾತ್ಯಾಯಿನಿ ಪುಸ್ತಕವನ್ನು ಹಿಂದಕ್ಕೆ ತೆಗೆದುಕೊಂಡಳು. ಗುರುವಯ್ಯನವರು ಆದರೂ ಕರ್ತವ್ಯಲೋಪ ಮಾಡಲಿಲ್ಲ. ಗೊಬ್ಬರ ಬಳಕೆಯ ಸ್ಥಳ ಪರಿಶೀಲನೆಗೆಂದು ಕೆಸರಿನಲ್ಲಿ ಒಂದೂವರೆ ಕಿಲೋಮೀಟರ್ ನಡೆದು ದ್ಯಾವಮ್ಮನ ಮನೆಗೆ ಹೋದರು. ಹಿತ್ತಲಲ್ಲಿ ನಾಲ್ಕು ಕಾಫಿ ಗಿಡ, ಒಂದು ಬಸಳೆ ಚಪ್ಪರ ಇದ್ದವು.

"ಇದೇನಮ್ಮ, ತೋಟ ಇಷ್ಟೇನಾ?"

"ಬಸಳೆನೂ ಸೇರಿಸ್ಕಳಿ ಅಯ್ಯ," ಎಂದಳು ದ್ಯಾವಮ್ಮ.

ಜುಲೈ ಒಂದರಲ್ಲೇ ನಾನೂರ ಅರವತ್ತೆಂಟು ಮೂಟೆ ಗೊಬ್ಬರ. ಗಿಡವೊಂದಕ್ಕೆ ನೂರ ಹದಿನೇಳು. ಗುರುವಯ್ಯನವರು ಅಲ್ಲೇ ನಿಂತು ಭಾಗಾಕಾರ ಮಾಡಿ, ನಾಲ್ಕೂ ಗಿಡಗಳ ಸುತ್ತ ಬಂದು, ಎಲೆ ಮುಟ್ಟಿ ನೋಡಿ ಬರೆದುಕೊಂಡರು: 'ಗೊಬ್ಬರ ಬಳಕೆ ಅಧಿಕ. ಗಿಡಗಳ ಸ್ಥಿತಿ ಉತ್ತಮ. ಆಕ್ಷೇಪಣೆ ಇಲ್ಲ.' ದ್ಯಾವಮ್ಮ ಕೊಟ್ಟ ಬೆಲ್ಲದ ಕಾಫಿಯನ್ನು ಅವರು ಕುಡಿದರು. ಅದು ಸಂಘದ್ದಾಗಿರಲಿಲ್ಲ.

ಅಕ್ಟೋಬರಿನ ವಾರ್ಷಿಕ ಮಹಾಸಭೆಯಲ್ಲಿ ಸುದ್ದಿ ಸದಸ್ಯರಿಗೆ ತಿಳಿಯಿತು. ತಾವೆಲ್ಲ ಕ್ಯಾಮೆರಾದಲ್ಲಿ ಸಿಕ್ಕಿಬಿದ್ದ ಕಳ್ಳರಂತೆ ಎಂಬ ಗುಸುಗುಸು ಎರಡು ತಿಂಗಳಿಂದ ಊರಿನಲ್ಲಿತ್ತು. ಸ್ವಯಂಸೇವಕರು ಎಂದು ಗೊತ್ತಾದಾಗ ಜೋರಾಗಿ ಚಪ್ಪಾಳೆ ಬಿತ್ತು. ಎರಡೂವರೆ ಎಕರೆಯ ಸಣ್ಣ ಬೆಳೆಗಾರ ದಾಮೋದರ ಮಾತ್ರ ಎದ್ದು ನಿಂತ.

"ಅಲ್ಲ ಅಧ್ಯಕ್ಷರೇ, ಜುಲೈ ಎಂಟನೇ ತಾರೀಕು ನಾನು ದುಡ್ಡು ಕೊಟ್ಟು ಆರು ಮೂಟೆ ತಗೊಂಡಿದೀನಿ. ತೋಟಕ್ಕೆ ಹಾಕಿನೂ ಆಯ್ತು. ಅದು ದ್ಯಾವಮ್ಮಂದು ಹೇಗಾಗುತ್ತೆ?"

"ಕೂತ್ಕೊಂಡು ಮಾತಾಡಿ ದಾಮೋದರ ಅವ್ರೇ. ನೀವು ತಗೊಂಡಿದ್ದಕ್ಕೆ ಬಿಲ್ಲಿನ ಹತ್ರ ನಿಮ್ಮ ಮುಖ ಇಲ್ಲ. ಬಿಲ್ ಇಲ್ಲದೆ ತಗೊಂಡ್ರೆ ಏನಾಗುತ್ತೆ ಗೊತ್ತಲ್ಲ? ಈಗ ಹೇಳಿ. ನೀವು ತಗೊಂಡ್ರಾ, ಸಹಾಯ ಮಾಡಿದ್ರಾ?"

ದಾಮೋದರ ಅಕ್ಕಪಕ್ಕ ನೋಡಿದ. ಅವನ ಬಲಗಡೆಯವನು ಆಗಲೇ ಚಪ್ಪಾಳೆ ಮುಗಿಸಿ ಊಟದ ಟೋಕನ್ ಎಣಿಸುತ್ತಿದ್ದ.

"ಸಹಾಯ ಮಾಡಿದೆ," ಎಂದು ಕೂತ.

ಒಂದು ಲಕ್ಷಕ್ಕೆ ಮೀರಿ ಖರೀದಿ ಮಾಡಿದವರು ತಾವೇ ತಾವಾಗಿ ಸದಸ್ಯರಾಗುತ್ತಾರೆ; ಅತಿ ಹೆಚ್ಚು ಖರೀದಿಸಿದ ಸದಸ್ಯರಿಗೆ ಆಡಳಿತ ಮಂಡಳಿಯಲ್ಲಿ ಒಂದು ಸ್ಥಾನ ಮೀಸಲು. ಈ ಎರಡು ನಿಯಮಗಳೂ ಓಂಕಾರಪ್ಪನವರೇ ಹಿಂದೆ ತಮ್ಮ ಅನುಕೂಲಕ್ಕೆ ಮಾಡಿಸಿಕೊಂಡವು. ಅವುಗಳ ಪ್ರಕಾರ ದ್ಯಾವಮ್ಮ ಹತ್ತನೇ ನಿರ್ದೇಶಕಿಯಾಗಿ ಅವಿರೋಧ ಆಯ್ಕೆಯಾದಳು. ನಿರ್ದೇಶಕರು ಸಂಘದ ನೌಕರಿಯಲ್ಲಿರುವಂತಿಲ್ಲವಾದ್ದರಿಂದ ಕಸ ಗುಡಿಸುವ ಹುದ್ದೆಗೆ ಅವಳ ರಾಜೀನಾಮೆ ಪಡೆಯಬೇಕಿತ್ತು. ಪತ್ರಕ್ಕೆ ಹೆಬ್ಬೆಟ್ಟು ಹಾಕಿಸುವ ಕೆಲಸ ಕಾತ್ಯಾಯಿನಿಯ ಪಾಲಿಗೆ ಬಂತು.

"ದ್ಯಾವಮ್ಮ, ಯೋಚನೆ ಮಾಡಿ ಹಾಕು," ಎಂದಳು ಕಾತ್ಯಾಯಿನಿ. "ಖಾಯಂ ಕೆಲಸ. ಬಿಟ್ರೆ ಮತ್ತೆ ಸಿಗಲ್ಲ. ನನ್ನ ನೋಡ್ತಿಲ್ವಾ, ಹನ್ನೊಂದು ವರ್ಷದಿಂದ ಬಾಯಿ ಬಿಟ್ಕೊಂಡು ಕೂತಿದೀನಿ. ಎಲ್ಲಾ ನನ್ನಿಂದಾನೇ ಆಗಿದ್ದು. ನಿನ್ನ ಹೆಸರು ನಾನು ಬರೀಬಾರದಿತ್ತು."

"ಮತ್ತೆಂತ ಬರೀತಿದ್ರಿ? ನನ್ನ ಮುಖಕ್ಕೆ ಇನ್ಯಾರ ಹೆಸರು ಬರೀತೀರಿ ಕಾತ್ಯಾಯಿನಮ್ಮ?" ದ್ಯಾವಮ್ಮ ಶಾಯಿಯ ಡಬ್ಬಿಯಲ್ಲಿ ಬೆರಳು ಅದ್ದಿದಳು. "ಮೀಟಿಂಗಿಗೆ ಭತ್ಯೆ ಕೊಡ್ತಾರಂತಲ್ಲ. ಕುರ್ಚಿನೂ ಇದ್ಯಂತೆ. ಹದಿನೇಳು ವರ್ಷ ಬಗ್ಗಿ ಅವರ ಕಾಲು ನೋಡಿದೀನಿ. ಒಂದಿಷ್ಟು ದಿನ ಮುಖ ನೋಡ್ತೀನಿ ಬಿಡಿ."

"ಸಂಬಳ ಹೋಗುತ್ತಲ್ಲೇ?"

"ರಂಗನಾಥಯ್ಯ ಹೇಳಿದಾರೆ. ಹಳದಿ ಚೀಟಿ ಅಂತ ಒಂದಿದ್ಯಂತೆ, ಡೈರೆಕ್ಟ್ರುಗಳಿಗೆಲ್ಲ ಪಾಲು ಬರುತ್ತಂತೆ. ನಂಗೆ ಹದಿನೈದು ಮೂಟೆ ಅಂತೆ." ಅವಳು ಹೆಬ್ಬೆಟ್ಟು ಒತ್ತಿದಳು. "ನಿಮಗೆ ಗೊತ್ತಿತ್ತಾ ಅದು?"

ಕಾತ್ಯಾಯಿನಿ ಕಾಗದವನ್ನು ಆರಲು ಬಿಟ್ಟಳು.

ನವೆಂಬರ್ ಇಪ್ಪತ್ತೇಳರಂದು ರಂಗನಾಥ ಅವರು ಹೇಳಿದ ಮಾತಿನಂತೆ ಫೈಲನ್ನು ತಾವೇ ಎತ್ತಿ ಅಧ್ಯಕ್ಷರ ಮೇಜಿನ ಮೇಲಿಟ್ಟರು. ಪಕ್ಕದಲ್ಲಿ ಇನ್ನೊಂದು ಕಾಗದವನ್ನೂ ಇಟ್ಟರು. 'ಜುಲೈನಿಂದ ಅಕ್ಟೋಬರ್‌ವರೆಗಿನ ಎಲ್ಲ ಬಿಲ್ಲುಗಳನ್ನೂ ಮುಖದೊಂದಿಗೆ ತಾಳೆ ನೋಡಿದ್ದು, ಸರಿಯಾಗಿವೆ. ಈ ಬಗ್ಗೆ ಬೇರೆ ಯಾವುದೇ ಪುಸ್ತಕ ಇರುವುದಿಲ್ಲ.' ಕೆಳಗೆ ಕಾತ್ಯಾಯಿನಿಯ ಹೆಸರು ಟೈಪಾಗಿತ್ತು.

"ಕೂತ್ಕೊಳ್ಳಮ್ಮ," ಎಂದರು ಓಂಕಾರಪ್ಪನವರು. ಹನ್ನೊಂದು ವರ್ಷದಲ್ಲಿ ಅದೂ ಮೊದಲು. "ಗುರುವಾರಕ್ಕೆ ನಲವತ್ತೈದು ಅಲ್ವಾ? ನನಗೂ ಮಗಳಿದಾಳೆ, ಗೊತ್ತಾಗುತ್ತೆ."

"ಆ ಪುಸ್ತಕ ಇದೆ ಯಜಮಾನ್ರೇ. ಮನೇಲಿ ಅಕ್ಕಿ ಡಬ್ಬದ ಮೇಲಿದೆ. ಇಲ್ಲ ಅಂತ ಹೇಗೆ ಬರೀಲಿ?"

"ಇದೆ ಅಂತ ನಿನಗೆ ಗೊತ್ತು. ಕಾಗದಕ್ಕೆ ಗೊತ್ತಿಲ್ಲ. ಅದಕ್ಕೇ ಇಲ್ಲ ಅಂತ ಹೇಳ್ತಾ ಇದೆ, ಪಾಪ. ನೋಡಮ್ಮ, ನಿನ್ನ ಬಿಲ್ ಬರೆಯೋ ಹುದ್ದೆ ಖಾಯಂ ಮಾಡೋಕೆ ಬೆಂಗಳೂರಿನಿಂದ ಮಂಜೂರಾತಿ ಬೇಕು, ಅದು ಈ ಜನ್ಮಕ್ಕಿಲ್ಲ. ಸಂಘದಲ್ಲಿ ಮಂಜೂರಾಗಿ ಖಾಲಿ ಇರೋ ಖಾಯಂ ಹುದ್ದೆ ಒಂದೇ ಒಂದು."

"ಯಾವುದು?"

ರಂಗನಾಥ ಅವರು ಕಿಟಕಿಯಾಚೆ ನೋಡಿದರು. ಓಂಕಾರಪ್ಪನವರು ಪೆನ್ನಿನ ಮುಚ್ಚಳ ತೆಗೆದು ಅವಳತ್ತ ಚಾಚಿದರು.

ಕಾತ್ಯಾಯಿನಿ ಪೆನ್ನು ತೆಗೆದುಕೊಳ್ಳಲು ತೆಗೆದುಕೊಂಡ ಸಮಯ ಅಧ್ಯಕ್ಷರ ಕೋಣೆಯ ಕ್ಯಾಮೆರಾದಲ್ಲಿ ದಾಖಲಾಗಿದೆ: ನಾಲ್ಕು ನಿಮಿಷ ಹನ್ನೊಂದು ಸೆಕೆಂಡು. ಆ ಹೊತ್ತಿನಲ್ಲಿ ಅವಳು ಏನು ಯೋಚಿಸಿದಳೆಂಬುದಕ್ಕೆ ದಾಖಲೆಯಿಲ್ಲ. ಹನ್ನೊಂದು ವರ್ಷ ಅವಳು ಸಹಿಯ ಮುಂದೆ 'ಹಂ.' ಎಂದು ಬರೆಯಬೇಕಿತ್ತು. ಈ ಸಲ ಬರೆಯಲಿಲ್ಲ. ಯಾರೂ ಆಕ್ಷೇಪಿಸಲಿಲ್ಲ.

ಆ ಸಂಜೆ ಉದ್ದ ಪುಸ್ತಕ ಬಚ್ಚಲ ಒಲೆ ಸೇರಿತು. ಹಾಳೆ ತೇವವಾಗಿದ್ದರಿಂದ ನೀರು ಕಾಯಲು ತಡವಾಯಿತು.

ಅಷ್ಟರಲ್ಲಿ ಮಳೆ ನಿಂತಿತ್ತು. ತಂತಿಯ ಮೇಲೆ ಕೊಂಬೆ ಬೀಳುವುದೂ ನಿಂತು, ಹಗಲಿಡೀ ಕರೆಂಟು ಇರತೊಡಗಿತು. ಗಿರಾಕಿ ಎದುರಿಗಿದ್ದಾಗಲೇ ಬಿಲ್ ಹಾಕಿದರೆ ನೂರಾರು ಹೊಸ ಮುಖಗಳು ಬಂದು ಹೊಂದಾಣಿಕೆ ಕೆಡುವ ಅಪಾಯ ಎದುರಾಯಿತು. ಸಂಘ ಎಚ್ಚೆತ್ತುಕೊಂಡು ಸುತ್ತೋಲೆ ಹೊರಡಿಸಿತು. ಅದರಂತೆ ಕರೆಂಟು ಇರಲಿ, ಇಲ್ಲದಿರಲಿ, ಬಿಲ್ಲುಗಳನ್ನು ಸಂಜೆ ನಾಲ್ಕು ಇಪ್ಪತ್ತರ ನಂತರವೇ ಹಾಕತಕ್ಕದ್ದು. ಆ ಸಮಯಕ್ಕೆ ನಿರ್ದೇಶಕಿ ದ್ಯಾವಮ್ಮನವರು ಕೌಂಟರಿನ ಮುಂದೆ ಕುರ್ಚಿಯಲ್ಲಿ ಉಪಸ್ಥಿತರಿರತಕ್ಕದ್ದು. ಇದಕ್ಕಾಗಿ ಅವರಿಗೆ ದಿನಭತ್ಯೆಯೂ ಸಂಘದ ಜೀಪಿನ ಸೌಕರ್ಯವೂ ಇರತಕ್ಕದ್ದು. ಕೊಡೆ ಮತ್ತು ನಾಯಿಯ ಉಪಸಮಿತಿ ಮೂರು ಸಭೆ ನಡೆಸಿ, ಬಾಗಿಲ ಬಳಿ ಕೊಡೆ ಮಡಿಚುವಂತೆ ಬೋರ್ಡು ಹಾಕಲು ಶಿಫಾರಸು ಮಾಡಿತು.

ಕಾತ್ಯಾಯಿನಿ 2006ರ ನವೆಂಬರ್ ಇಪ್ಪತ್ತೊಂಬತ್ತರಂದು ಸಂಘದ ಖಾಯಂ ಕಸ ಗುಡಿಸುವ ನೌಕರಳಾಗಿ ಕೆಲಸಕ್ಕೆ ಹಾಜರಾದಳು. ಬಿಲ್ ಬರೆಯುವ ಕೆಲಸವನ್ನು ಅವಳಿಗೆ ಹೆಚ್ಚುವರಿ ಪ್ರಭಾರವಾಗಿ ವಹಿಸಲಾಯಿತು. ನಾಲ್ಕು ಗಂಟೆಯಿಂದ ನಾಲ್ಕು ಹದಿನೈದರವರೆಗೆ ಅವಳು ನಿರ್ದೇಶಕಿಯವರ ಕುರ್ಚಿಯ ಸುತ್ತ ಗುಡಿಸುತ್ತಾಳೆ. ಐದು ನಿಮಿಷ ಕೈ ತೊಳೆಯಲು. ಡಿಸೆಂಬರ್ ತಿಂಗಳ ಹೊಂದಾಣಿಕೆ ಶೇಕಡ ನೂರು.